ಹೊಸಾ ಪಿಕಪ್ಪೋ, ಹಳೇದೋ? ಮಗಳ ಮನಿ ಗಾಡಿ ಪುರಾಣ

ಮೂರು ತಿಂಗಳಾತು, ಇಲ್ಲೆ ಒಂದಕ್ಷರ ಬರೀಲಿಲ್ಲ. ಟೆಕ್ಸಾಸಿನ ಸ್ಯಾನ್ ಆಂಟೋನಿಯೋ ಊರಾಗ ಮಗಳ ಮನ್ಯಾಗ ಇದ್ದೆ. ಬಂದ ಮ್ಯಾಲೆ ಎಲ್ಲಾರೂ ಕೇಳೂದು ಒಂದ, "ಅಲ್ಲಿಂದ ಏನ ತಂದಿ?" ಚಾಕ್ಲೇಟ್ ಹಂಚೇನಿ. ಉಳಿದದ್ದು ಒಂದು ಗಾಡಿ ಕತಿ. ಅದನ್ನ ಇಲ್ಲೆ ಹಂಚತೇನಿ, ಸ್ವಲ್ಪ ಉದ್ದ ಐತಿ, ಒಲಿ ಮ್ಯಾಲೆ ಹಾಲಿಟ್ಟು ಓದಾಕ ಕೂಡಬ್ಯಾಡ್ರಿ.

ನಮ್ಮ ಕಡೆ ಪಿಕಪ್ ಅಂದ್ರ ಉಳ್ಳಾಗಡ್ಡಿ ಚೀಲ, ಸಿಮೆಂಟು, ಜಾತ್ರಿಗೆ ಹೊಂಟ ಮಂದಿ. ಅಲ್ಲೆ ಹಂಗಲ್ಲ. ಸಾಲಿಗೆ ಹುಡುಗರನ್ನ ಬಿಡಾಕ ಬರೂದೂ ಪಿಕಪ್ ಮ್ಯಾಲೆ, ಚರ್ಚಿಗೆ ಹೋಗೂದೂ ಪಿಕಪ್ ಮ್ಯಾಲೆ. ಫುಲ್ ಸೈಜ್ ಅಂತಾರ, ಬಾನೆಟ್ ನನ್ನ ಎದಿ ಮಟ್ಟ ಬರತೈತಿ. ಮೊದಲನೇ ದಿನ ಹತ್ತಾಕ ಹೋಗಿ ಸೀರಿ ನಿರಿಗಿ ಬಿಚ್ಚಿ ಹೋತು.

ಮಗಳು ವಾರಪೂರ್ತಿ ಒಂದು ಆಫೀಸಿನ್ಯಾಗ ಲೆಕ್ಕ ಬರೀತಾಳ. ಶನಿವಾರ ರವಿವಾರ ಅಲ್ಲಿನ ನಮ್ಮವರ ಕುಬಸ, ತೊಟ್ಟಲ ಕಾರ್ಯ, ಸಣ್ಣ ಮದುವಿಗೆ ಮಂಟಪ, ದೀಪದ ಕಂಬ ಬಾಡಿಗಿ ಕೊಡತಾಳ. ಸಾಮಾನು ಒಯ್ಯಾಕ ಪ್ರತಿ ಸಲಾನೂ ಬಾಡಿಗಿ ಗಾಡಿ. ಬಂದ ರೊಕ್ಕದಾಗ ಅರ್ಧ ಅದಕ್ಕ ಹೋಗತಿತ್ತು. ಅದಕ್ಕ ಸ್ವಂತ ಪಿಕಪ್ ತಗೋಬೇಕು ಅಂತ ಗಂಡ ಹೆಂಡತಿ ಮಾತಾಡಿಕೊಂಡಾರ. ಅಲ್ಲೀತನ ಇಬ್ಬರದೂ ಒಂದ ಮಾತು. ಮುಂದ ಶುರು ಆತು ನೋಡ್ರಿ. ಅಳಿಯಾರು ಹೊಸಾದು ಅಂತಾರ, ನಾಕು ಬಾಗಿಲಿಂದು, ಐದು ಮಂದಿ ಕೂಡೂವಂಥಾದ್ದು. ಮಗಳು ಹಳೇದು ಸಾಕು ಅಂತಾಳ. ಅವರು ನೋಡಿಟ್ಟ ಹೊಸಾದರ ಬೆಲಿ 50 ಸಾವಿರ ಡಾಲರ್ ದಾಟಿತ್ತು. ಮನಿ ತಗೋಳಾಕ ಕೂಡಿಸಿಟ್ಟ ಮುಂಗಡದಾಗಿಂದ ಒಂದು ಭಾಗ ತಗದು, ಉಳಿದದ್ದಕ್ಕ ಆರು ವರ್ಷದ ಕಂತು. ಊಟಕ್ಕ ಕುಂತಾಗೆಲ್ಲಾ ಅದ ಮಾತು. ಮೂರನೇ ದಿನಕ್ಕ ಮಾತು ನಿಂತು ತಾಟಿನ ಸಪ್ಪಳ ಅಷ್ಟ ಉಳೀತು.

ನಂಗ ಗಾಡಿ ಅಂದ್ರ ಏನು ಗೊತ್ತು? ಹಗಲೆಲ್ಲಾ ಮನ್ಯಾಗ ಒಬ್ಬಾಕಿನ ಇರತಿದ್ದೆ. ಓಣಿ ತುದ್ಯಾಗ ಒಂದು ಗ್ರಂಥಾಲಯ ಇತ್ತು. ನನ್ನ ಪಿಯುಸಿ ಇಂಗ್ಲಿಷ್ ಹಿಡಕೊಂಡು, ಮಗಳ ಕಡೆ ಅರ್ಥ ಕೇಳಕೋತ, ಪಿಕಪ್ಪಿನ ಇತಿಹಾಸಾನ ಓದಿಬಿಟ್ಟೆ. ಬಾಜು ಮನಿ ಅಜ್ಜನ ಶೆಡ್ಡಿನ್ಯಾಗ 1950ರ ಸುಮಾರಿನ ಒಂದು ಫೋರ್ಡ್ ಪಿಕಪ್ ಇತ್ತು, ಅದನ್ನ ಅಳತಿ ಮಾಡಿ ಬಂದೆ. ನನ್ನ ಗೇಣಲೇ ಅಳದೇನಿ, ನಗಬ್ಯಾಡ್ರಿ.

ಶುರುವಿಗೆ ಪಿಕಪ್ ಅಂಗಡ್ಯಾಗ ಸಿಗತಿರಲಿಲ್ಲ. ಹೆನ್ರಿ ಫೋರ್ಡ್‌ನ ಮಾಡೆಲ್ ಟಿ ಕಾರು ತಗೊಂಡ ರೈತರು ಹಿಂದಿನ ಭಾಗ ಕಿತ್ತು, ಬಡಿಗ್ಯಾರ ಕಡೆಯಿಂದ ಕಟ್ಟಿಗಿ ಪೆಟ್ಟಿಗಿ ಮಾಡಿಸಿ ಕೂಡಿಸತಿದ್ರು. ಹಾಲಿನ ಕ್ಯಾನು, ಹಂದಿಮರಿ, ಬೇಲಿ ಗೂಟ, ಎಲ್ಲಾ ಅದರಾಗ. 1917ರಾಗ ಫೋರ್ಡ್ ಕಂಪನಿ ಮಾಡೆಲ್ ಟಿಟಿ ಅಂತ ಒಂದು ಟನ್ ಹೊರೂ ಚಾಸಿ ಮಾರಾಕ ಶುರು ಮಾಡಿದ್ರು. ಬೆಲಿ 600 ಡಾಲರ್. ಬರೇ ಎಲುಬಿನ ಗೂಡು, ಮ್ಯಾಲಿನ ಬಾಡಿ ನೀವ ಕಟ್ಟಿಸಿಕೋರಿ ಅಂತ. ನಮ್ಮ ಕಡೆ ಲಾರಿ ಚಾಸಿ ತಂದು ಬಾಡಿ ಕಟ್ಟಸತಾರಲ್ಲ, ಹಂಗ. 1925ರ ಏಪ್ರಿಲ್ 15ಕ್ಕ ಮೊದಲನೇ ಸಲ ಕಾರ್ಖಾನಿಯಿಂದನ ಪೂರ್ತಿ ತಯಾರಾದ ಗಾಡಿ ಬಂತು. ಹೆಸರು ಮಾಡೆಲ್ ಟಿ ರನ್‌ಅಬೌಟ್ ವಿತ್ ಪಿಕಪ್ ಬಾಡಿ. ಬೆಲಿ 281 ಡಾಲರ್, 20 ಅಶ್ವಶಕ್ತಿ, ಹಿಂದಿನ ಪೆಟ್ಟಿಗಿ 56 ಇಂಚು ಉದ್ದ. ಮೊದಲನೇ ವರ್ಷ ಸುಮಾರು 34 ಸಾವಿರ ಗಾಡಿ ಹೋದ್ವು.

ಆ ಗಾಡ್ಯಾಗ ಮುಂದ ಕೂಡಾಕ ಇಬ್ಬರಿಗಷ್ಟ ಜಾಗ. ಮ್ಯಾಲೆ ಬಟ್ಟಿ ಹೊದಿಕಿ. ಚಳಿ ಬಂದ್ರ ಚಳಿ, ಮಳಿ ಬಂದ್ರ ಮಳಿ. ಗಾಡಿ ಇದ್ದದ್ದ ಹಿಂದಿನ ಪೆಟ್ಟಿಗಿ ಸಲುವಾಗಿ. ಇದೊಂದು ಮಾತು ನೆನಪಿಟ್ಟುಕೋರಿ, ಮುಂದಿನ ನೂರು ವರ್ಷದ ಕತಿ ಎಲ್ಲಾ ಅದರ ಮ್ಯಾಲೆ ನಿಂತೈತಿ.

ಇಲ್ಲೊಂದು ಅಡ್ಡಮಾತು. ಕಂತಿನ ಚಟ ಅಲ್ಲೆ ಯಾವಾಗಿಂದು ಅಂತೀರಿ? ಜನರಲ್ ಮೋಟರ್ಸ್‌ನವರು 1919ರಾಗ ಸಾಲ ಕೊಡಾಕ ಅಂತನ ಒಂದು ಬ್ಯಾರೆ ಕಂಪನಿ ತಗದ್ರು. ಹೆನ್ರಿ ಫೋರ್ಡ್‌ಗ ಸಾಲ ಅಂದ್ರ ಆಗತಿರಲಿಲ್ಲ. ಅವ 1923ರಾಗ ಇನ್ನೊಂದು ದಾರಿ ತಗದ. ವಾರಕ್ಕ 5 ಡಾಲರ್ ಬ್ಯಾಂಕಿನ್ಯಾಗ ಕಟ್ಟಕೋತ ಹೋಗೂದು, ಪೂರ್ತಿ ತುಂಬಿದ ದಿನ ಗಾಡಿ ಒಯ್ಯೂದು. ಓದಿ ನಂಗ ನಗು ಬಂತು, ಇದು ನಮ್ಮ ಭಿಶಿ ಅಲ್ಲೇನ್ರಿ! ಆದ್ರ ಮಂದಿ ಕಾಯಲಿಲ್ಲ. ಗಾಡಿ ಮೊದಲ ಕೊಟ್ಟು ರೊಕ್ಕ ಆಮ್ಯಾಲೆ ಕೇಳೂವರ ಕಡೇನ ಹೋದ್ರು. ಕಡೀಕ ಫೋರ್ಡ್ ಕಂಪನೀನೂ ಸಾಲಕ್ಕ ಬಂತು.

ಎರಡನೇ ಮಹಾಯುದ್ಧ ಮುಗದ ಮ್ಯಾಲೆ ಗಾಡಿಗೆ ಎಲ್ಲಿಲ್ಲದ ಬೇಡಿಕಿ. 1947ರ ಬ್ಯಾಸಗ್ಯಾಗ ಶೆವರ್ಲೆಯವರು ಹೊಸಾ ನಮೂನಿ ಟ್ರಕ್ ತಂದ್ರು, ಕ್ಯಾಬಿನ್ ಅಗಲ ಮಾಡಿ ಮೂರು ಮಂದಿ ಕೂಡೂ ಹಂಗ. 1948ರ ಮಾಡೆಲ್ ಅಂತ ಫೋರ್ಡಿನವರು ಎಫ್ ಸಾಲಿನ ಗಾಡಿ ತಂದ್ರು. ಅದರ ಜಾಹೀರಾತಿನ್ಯಾಗ ಎಂಜಿನ್ನಿಗಿಂತ ಜೋರು ಮಾತು ಕ್ಯಾಬಿನ್ನಿಂದು, ಹತ್ತು ಲಕ್ಷ ಡಾಲರಿನ ಕ್ಯಾಬ್ ಅಂತ ಕರದ್ರು. ಬಾಜು ಮನಿ ಅಜ್ಜಂದು ಅದ ಪೀಳಿಗಿ ಗಾಡಿ. ಅವರ ಪ್ರಕಾರ ಅವರ ಅವ್ವ ಮೊದಲ ಸಲ ಟ್ರಕ್ಕಿನ್ಯಾಗ ಕುಂತು ಪ್ಯಾಟಿಗೆ ಹೋಗಿದ್ದು ಅದರಾಗನ. ಅದಕ್ಕಿಂತ ಮೊದಲ ಹೆಂಗಸರಿಗೆ ಟ್ರಕ್ ಅಂದ್ರ ಗಂಡಸರ ಹೊಲದ ಸಾಮಾನು. 1955ರಾಗ ಶೆವರ್ಲೆಯವರು ಕ್ಯಾಮಿಯೊ ಅಂತ ಒಂದು ಗಾಡಿ ಬಿಟ್ರು, ಹಿಂದಿನ ಬಾಡಿ ಕಾರಿನಂಗ ಸಪಾಟು, ನೋಡಾಕ ಚಂದ. ಅಲ್ಲಿಂದ ಪಿಕಪ್ಪಿಗೆ ಸೊಗಸು ಬಂತು ಅಂತ ನಾ ಲೆಕ್ಕ ಹಾಕೇನಿ. 1957ರಾಗ ಇಂಟರ್‌ನ್ಯಾಷನಲ್ ಕಂಪನಿಯವರು ಟ್ರಾವೆಲೆಟ್ ಅಂತ ಎರಡು ಸಾಲು ಸೀಟಿನ ಪಿಕಪ್ ತಗದ್ರು. ಮನಿ ಮಂದಿ ಎಲ್ಲಾ ಕೂಡಬಹುದು.

ಈಗ ಬರತೈತಿ ನೋಡ್ರಿ ಕೋಳಿ ಕತಿ. ಇದನ್ನ ಓದಿದಾಗ ನಾ ಗ್ರಂಥಾಲಯದಾಗ ಜೋರಾಗಿ ನಕ್ಕು ಅಲ್ಲಿನ ಬಾಯಿ ಕಡೆ ಬೈಸಿಕೊಂಡೆ. 1960ರ ಶುರುವಿಗೆ ಅಮೆರಿಕಾದ ಅಗ್ಗದ ಕೋಳಿ ಜರ್ಮನಿ, ಫ್ರಾನ್ಸ್ ಕಡೆ ಹೋಗಿ ಅಲ್ಲಿನ ರೈತರಿಗೆ ತ್ರಾಸಾತು. ಅವರು ಕೋಳಿ ಮ್ಯಾಲೆ ತೆರಗಿ ಏರಿಸಿದ್ರು. ಸಿಟ್ಟಿಗೆ ಅಮೆರಿಕಾದ ಅಧ್ಯಕ್ಷ ಲಿಂಡನ್ ಜಾನ್ಸನ್ 1963ರ ಡಿಸೆಂಬರಿನ್ಯಾಗ ಎದುರು ತೆರಗಿ ಹಾಕಿದ್ರು. ಬಟಾಟಿ ಸ್ಟಾರ್ಚು, ಡೆಕ್ಸ್‌ಟ್ರಿನ್ ಅನ್ನೂ ಅಂಟು, ಬ್ರಾಂಡಿ, ಮತ್ತ ಸಣ್ಣ ಟ್ರಕ್ಕು. ಟ್ರಕ್ಕಿನ ಮ್ಯಾಲೆ ಶೇಕಡಾ 25. ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಡಿಗೆ ಹೊಡತ ಬೀಳಲಿ ಅಂತ. ಉಳಿದ ಮೂರರ ಮ್ಯಾಲಿನ ತೆರಗಿ ಆಮ್ಯಾಲೆ ಹೋತು. ಟ್ರಕ್ಕಿಂದು ಮಾತ್ರ ಹಂಗ ಉಳೀತು. ಕೋಳಿ ಜಗಳ ಮುಗದು ಕೋಳಿ ತಿಂದವರೂ ಹೋದ್ರು, ತೆರಗಿ ಉಳೀತು!

ಜಪಾನಿನವರು ಶಾಣ್ಯಾರು. ಪೂರ್ತಿ ಪಿಕಪ್ ತಂದ್ರ 25 ತಾನ? ಹಿಂದಿನ ಬಾಡಿ ಇಲ್ಲದ ಗಾಡಿ ಹಡಗದಾಗ ತಂದು, ಅಮೆರಿಕಾದಾಗ ಇಳದ ಮ್ಯಾಲೆ ಬಾಡಿ ಕೂಡಿಸಿ ಮಾರಿದ್ರು. 1980ರಾಗ ಆ ಸಂದೀನೂ ಮುಚ್ಚಿದ್ರು. ಹಿಂಗಾಗಿ ದೊಡ್ಡ ಪಿಕಪ್ ಅಂದ್ರ ಬಹಳ ವರ್ಷ ಫೋರ್ಡ್, ಶೆವರ್ಲೆ ಮತ್ತ ಅದರ ತಂಗಿ ಜಿಎಂಸಿ, ಡಾಜ್, ಇಷ್ಟ. ಹೊರಗಿನವರಿಗೆ ಅಲ್ಲೆ ಕಾರ್ಖಾನಿ ಹಾಕಲಾರದ ದಾರಿ ಇರಲಿಲ್ಲ. ಟೊಯೋಟಾದವರ ದೊಡ್ಡ ಪಿಕಪ್ ಟಂಡ್ರಾ ಮೊದಲ ಇಂಡಿಯಾನಾ ರಾಜ್ಯದಾಗ ತಯಾರಾತು, 2006ರಿಂದ ಸ್ಯಾನ್ ಆಂಟೋನಿಯೋದಾಗ. ಮಗಳ ಊರಾಗ! ಪೈಪೋಟಿ ಕಡಿಮಿ ಇದ್ದಲ್ಲೆ ಬೆಲಿ ಇಳಿಯೂದಿಲ್ಲ, ಇದು ನಮ್ಮ ಸಂತ್ಯಾಗ ಬದನಿಕಾಯಿ ಕೊಳ್ಳೂ ಎಲ್ಲಾರಿಗೂ ಗೊತ್ತಿದ್ದ ಮಾತು.

ಎಫ್-150 ಅನ್ನೂದು ಅಲ್ಲೆ ಮನಿಮಾತು. ಅದು ಹುಟ್ಟಿದ್ದೂ ಒಂದು ಕಾಯ್ದೆ ಸಲುವಾಗಿ. 1975ರಾಗ ಹೊಗಿ ಕಾಯ್ದೆ ಬಿಗಿ ಆತು, ಆದ್ರ ಒಟ್ಟು ತೂಕ 6000 ಪೌಂಡ್ ದಾಟೂ ಗಾಡಿಗೆ ವಿನಾಯಿತಿ ಇತ್ತು. ಫೋರ್ಡಿನವರು ಸ್ವಲ್ಪ ತೂಕದ ಗಾಡಿ ಮಾಡಿ ಎಫ್-150 ಅಂತ ಹೆಸರಿಟ್ರು. 1977ರಿಂದ ಅಮೆರಿಕಾದಾಗ ಎಲ್ಲಾಕ್ಕಿಂತ ಹೆಚ್ಚು ಮಾರೂ ಟ್ರಕ್ಕು ಫೋರ್ಡಿನ ಎಫ್ ಸಾಲಿಂದು.

ಆಮ್ಯಾಲಿನದು ಬೇಗ ಹೇಳತೇನಿ, ಯಾಕಂದ್ರ ಅದು ಬರೇ ಕ್ಯಾಬಿನ್ ಹಿಗ್ಗಿದ ಕತಿ. 1973ರಾಗ ಡಾಜ್‌ನವರು ಸೀಟಿನ ಹಿಂದ ಜಾಗ ಬಿಟ್ಟ ಕ್ಲಬ್ ಕ್ಯಾಬ್ ತಂದ್ರು, ಮರುವರ್ಷ ಫೋರ್ಡಿನವರೂ ತಂದ್ರು. 2001ರಾಗ ಎಫ್-150ಗ ನಾಕು ಪೂರ್ತಿ ಬಾಗಿಲು, ಹಿಂದ ಐದೂವರಿ ಫೂಟಿನ ಬಾಡಿ. ಈಗ ಅಂಗಡಿ ಮುಂದ ಸಾಲಾಗಿ ನಿಂತಿದ್ದು ಬಹುತೇಕ ಇಂಥವ. ಕ್ಯಾಬಿನ್ ದೊಡ್ಡದಾಗಕೋತ ಬಂತು, ಬಾಡಿ ಸಣ್ಣದಾಗಕೋತ ಹೋತು. ಹಿರೇಸೊಸಿ ಬಂದ ಮ್ಯಾಲೆ ಅಡಗಿಮನಿ ದೊಡ್ಡದಾಗಿ ದೇವರಮನಿ ಗೋಡಿಗೆ ಹತ್ತಿಧಂಗ.

ಇಷ್ಟು ಓದಿದ ಮ್ಯಾಲೆ ಒಂದು ಸಂಜಿ ಮಗಳಿಗೆ ಕೇಳಿದೆ, "ನಿನ್ನ ಮಂಟಪದ ಕಂಬ ಎಷ್ಟು ಉದ್ದವಾ?"

"ಎಂಟು ಫೂಟು, ಅವ್ವಾ."

"ಮತ್ತ ಅಳಿಯಾರು ನೋಡಿಟ್ಟ ಗಾಡಿ ಬಾಡಿ?"

ಅಕಿ ಸುಮ್ಮನಾದ್ಲು. ಅಳಿಯಾರು ಫೋನ್ ತಗದು ನೋಡಿ, "ಐದೂವರಿ, ಅತ್ತಿ. ಹಿಂದಿನ ಬಾಗಿಲಾ ತಗದಿಟ್ಟು ಒಯ್ಯಬಹುದು" ಅಂದ್ರು. ಖರೇ ಐತಿ, ಒಯ್ಯಬಹುದು. ಆದ್ರ ಪ್ರತಿ ಶನಿವಾರ, ಹೈವೇ ಮ್ಯಾಲೆ, ಕಂಬ ಹೊರಗ ಚಾಚಿಕೊಂಡು, ಕೆಂಪು ಬಟ್ಟಿ ಕಟ್ಟಿ? ಎಂಟು ಫೂಟಿನ ಬಾಡಿ ಅಲ್ಲೆ ಹಳೇ ಅಳತಿ, ನಾಕು ಬೈ ಎಂಟರ ಪ್ಲೈವುಡ್ ಹಾಳಿ ಸಪಾಟು ಮಲಗತೈತಿ, ಬಾಗಿಲಾನೂ ಮುಚ್ಚತೈತಿ. ಹೊಸಾದರಾಗೂ ಸಿಗತೈತಿ, ಆದ್ರ ಅಂಗಡ್ಯಾಗ ನಿಂತದ್ದು ಕಡಿಮಿ, ಹೇಳಿ ತರಿಸಬೇಕು. ಹಳೇದರಾಗ ಬಡಿಗ್ಯಾರು, ಕರೆಂಟಿನವರು ವಾಪರಿಸಿದ್ದು ಬೇಕಾದಷ್ಟು.

ಅಳಿಯಾರದು ಬರೇ ಷೋಕಿ ಅಂತ ತಿಳೀಬ್ಯಾಡ್ರಿ. ಅವರ ಅಂಜಿಕಿ ಹಳೇ ಗಾಡಿದು. "ಒಳಗ ಏನೈತಿ ಯಾರಿಗೆ ಗೊತ್ತು, ಅತ್ತಿ?" ಅಂತಿದ್ರು. ಈ ಅಂಜಿಕಿಗೂ ಅಲ್ಲೆ ನೂರು ವರ್ಷದ ಇತಿಹಾಸ ಐತಿ. 1926ರಾಗ ಲಾಸ್ ಏಂಜಲಿಸಿನ ಲೆಸ್ ಕೆಲ್ಲಿ ಅನ್ನೂ ವ್ಯಾಪಾರಿ ಹಳೇ ಗಾಡಿ ಬೆಲಿ ಪುಸ್ತಕ, ಬ್ಲೂ ಬುಕ್, ಅಚ್ಚು ಹಾಕಿದ. ಇವತ್ತೂ ಮಂದಿ ಅದನ್ನ ನೋಡೇ ಬೆಲಿ ಹೇಳತಾರ. ಬೆಲಿ ಗೊತ್ತಾತು, ಒಳಗಿನ ರೋಗ ಹೆಂಗ ಗೊತ್ತಾಗಬೇಕು? ಕೆಟ್ಟ ಗಾಡಿಗೆ ಅವರು ಲಿಂಬಿಕಾಯಿ ಅಂತಾರ. 1970ರಾಗ ಜಾರ್ಜ್ ಅಕರ್‌ಲಾಫ್ ಅನ್ನೂ ಅರ್ಥಶಾಸ್ತ್ರಿ ಇದರ ಮ್ಯಾಲೆ ಒಂದು ಲೇಖನ ಬರದ. ಮಾರಾವಗ ಗಾಡಿ ರೋಗ ಗೊತ್ತು, ಕೊಳ್ಳಾವಗ ಗೊತ್ತಿಲ್ಲ. ಅದಕ್ಕ ಕೊಳ್ಳಾವ ಎಲ್ಲಾದಕ್ಕೂ ಕಡಿಮಿ ಬೆಲಿ ಕೇಳತಾನ, ಚಲೋ ಗಾಡಿ ಇದ್ದವರು ಆ ಬೆಲಿಗೆ ಮಾರೂದಿಲ್ಲ, ಕಡೀಕ ಸಂತ್ಯಾಗ ಉಳಿಯೂದು ಲಿಂಬಿಕಾಯಿನ. ಅವಗ 2001ರಾಗ ನೊಬೆಲ್ ಬಂತು. ನಮ್ಮ ಎತ್ತಿನ ಸಂತಿ ದಲ್ಲಾಳಿಗಳು ಕೇಳಿದ್ರ, ಇಷ್ಟಕ್ಕ ಯಾಕ ಬಹುಮಾನ ಅಂತಿದ್ರೋ ಏನೋ.

ಮೋಸ ಆದಂಗೆಲ್ಲಾ ಕಾಯ್ದೆ ಬಂದಾವ. ಮೀಟರ್ ಹಿಂದ ತಿರುಗಿಸಿ, ಲಕ್ಷ ಮೈಲಿ ಓಡಿದ್ದನ್ನ ನಲವತ್ತು ಸಾವಿರ ಅಂತ ಮಾರತಿದ್ರು. 1972ರಾಗ ಇಡೀ ದೇಶಕ್ಕ ಅದನ್ನ ಅಪರಾಧ ಮಾಡಿದ್ರು. 1981ರಿಂದ ಪ್ರತಿ ಗಾಡಿಗೂ 17 ಅಕ್ಷರದ ಒಂದು ನಂಬರು, ಅದರಾಗ ಹತ್ತನೇದು ಯಾವ ವರ್ಷದ ಮಾಡೆಲ್ ಅಂತ ಹೇಳತೈತಿ. ಆ ನಂಬರಿನ ಮ್ಯಾಲೆ ಗಾಡಿ ಜಾತಕ ತಗಸಬಹುದು. 1985ರಿಂದ ಹಳೇ ಗಾಡಿ ವ್ಯಾಪಾರಿಗಳು ಕಿಟಕಿಗೆ ಒಂದು ಚೀಟಿ ಹಚ್ಚಬೇಕು, ಗ್ಯಾರಂಟಿ ಐತೋ ಇಲ್ಲಾ ಇದ್ದಂಗ ತಗೋಬೇಕೋ ಅಂತ. "ಇದ್ದಂಗ" ಅಂತಿದ್ರ, ಅಂಗಡಿ ಗೇಟು ದಾಟಿದ ಮ್ಯಾಲೆ ಬಂದ ಖರ್ಚು ನಿಮ್ಮದು. ಮನಿಯವರ ಕಡೆಯಿಂದ ನೇರ ಕೊಂಡ್ರ ಆ ಚೀಟೀನೂ ಇಲ್ಲ.

ಹಳೇದು ಯಾವತ್ತೂ ಅಗ್ಗ ಅನ್ನೂ ಹಂಗೂ ಇಲ್ಲ. ಕೊರೋನಾ ಕಾಲಕ್ಕ ಚಿಪ್ ಸಿಗಲಾರದ ಹೊಸಾ ಗಾಡಿ ನಿಂತು ಹೋದ್ವು, ಕೆಂಟಕಿ ರಾಜ್ಯದ ಒಂದು ರೇಸ್ ಮೈದಾನದಾಗ ಅರ್ಧಮರ್ಧ ತಯಾರಾದ ಫೋರ್ಡ್ ಟ್ರಕ್ ಸಾಲಾಗಿ ನಿಂದರಿಸಿದ್ರು. 2021ರ ಜೂನಿನ್ಯಾಗ ಹಳೇ ಕಾರು, ಟ್ರಕ್ಕಿನ ಬೆಲಿ ಹಿಂದಿನ ವರ್ಷಕ್ಕಿಂತ ಶೇಕಡಾ 45 ಏರಿತ್ತು. ಆ ಟೈಮಿಗೆ ಕೊಳ್ಳಾಕ ಹೋಗಿದ್ರ ಅಳಿಯಾರ ಮಾತ ಖರೇ ಆಗತಿತ್ತು.

ಈಗ ನಾ ಯಾರ ಮುಂದೂ ಹೇಳಲಾರದ ಮಾತು ಹೇಳತೇನಿ. ನಮ್ಮ ಅಕ್ಕಗ ಅಷ್ಟ ಗೊತ್ತು.

ನಾ ಪಿಯುಸಿ ಎರಡನೇ ವರ್ಷ ಇದ್ದಾಗ ನಮ್ಮ ಅಪ್ಪ ಮೆಣಸಿನಕಾಯಿ ಬ್ಯಾಡಗಿ ಪ್ಯಾಟಿಗೆ ಒಯ್ಯಾಕ ಅಂತ ಒಂದು ಹಳೇ ಟೆಂಪೊ ತಗೊಂಡ್ರು. ಮೈತುಂಬ ಹೊಸಾ ಬಣ್ಣ, ಕೆಳಗೂ ಕರೇ ಬಣ್ಣ. ಅವ್ವ ಆರತಿ ಮಾಡಿ ಕುಂಕುಮ ಹಚ್ಚಿದ್ಲು. ಎರಡು ತಿಂಗಳಿಗೆ ತುಂಬಿದ ಗಾಡಿ ನಡುದಾರ್ಯಾಗ ಕುಸೀತು. ಮಿಸ್ತ್ರಿ ಬಂದು ಕೆಳಗ ಮಲಗಿ ಕೆರದು ನೋಡಿದ್ರ, ಚಾಸಿ ಮುರದದ್ದನ್ನ ಬೆಸದು ಮ್ಯಾಲೆ ಬಣ್ಣ ಬಳದಿದ್ರು. ಅವ್ವನ ಪಾಟ್ಲಿ ಹೋದ್ವು. ಆಮ್ಯಾಲೆ ನನ್ನ ಬಿ.ಎ. ಫೀ. ನನಗ ಪಿಯುಸಿಯೊಳಗ ಫಸ್ಟ್ ಕ್ಲಾಸ್ ಬಂದಿತ್ತು. ಅಪ್ಪ ಮುಂದಿನ ವರ್ಷ ಕಳಸತೇನಿ ಅಂದ್ರು. ಮುಂದಿನ ವರ್ಷ ನನ್ನ ಲಗ್ನ ಆತು. ಅಪ್ಪಂದು ತಪ್ಪು ಅಂತ ನಾ ಅನ್ನೂದಿಲ್ಲ. ಅವರಿಗೆ ಎತ್ತಿನ ಹಲ್ಲು ನೋಡಾಕ ಬರತಿತ್ತು, ಗಾಡಿ ಹೊಟ್ಟಿ ನೋಡಾಕ ಬರತಿರಲಿಲ್ಲ, ಅಷ್ಟ.

ಇದನ್ನ ಮಗಳು ಅಳಿಯಾರ ಮುಂದ ಅವತ್ತ ರಾತ್ರಿ ಹೇಳಿದೆ. ಹಳೇದು ಬ್ಯಾಡ ಅನ್ನಾಕ ಹೇಳಲಿಲ್ಲ. ಕೆಳಗ ಮಲಗಿ ನೋಡಲಾರದ ತಗೋಬ್ಯಾಡ್ರಿ ಅನ್ನಾಕ ಹೇಳಿದೆ. ಅಳಿಯಾರು ಬಹಳ ಹೊತ್ತು ಮಾತಾಡಲಿಲ್ಲ. ಮುಂಜಾನೆ ಎದ್ದು ಬ್ಯಾಟರಿ ಹಿಡಕೊಂಡು, "ನಡೀರಿ ಅತ್ತಿ, ನೋಡಿ ಬರೂಣು" ಅಂದ್ರು.

ಮೂರು ವಾರ ತಿರಗಿದಿವಿ. ಒಂದು ಬಹಳ ಅಗ್ಗ ಇತ್ತು, ಒಳಗ ಕುಂತ ಕೂಡಲೇ ನಂಗ ಹಸಿ ಗೋಣಿಚೀಲದ ವಾಸನಿ ಬಂತು. ಸೀಟಿನ ಕೆಳಗ ಕೈ ಹಾಕಿದ್ರ ಒಣಗಿದ ರಾಡಿ. 2017ರಾಗ ಹಾರ್ವಿ ಚಂಡಮಾರುತ ಬಂದಾಗ ಹ್ಯೂಸ್ಟನ್ ಕಡೆ ಲಕ್ಷಗಟ್ಟಲೆ ಗಾಡಿ ನೀರಾಗ ಮುಳಗಿದ್ವು. ಮುಳಗಿದ ಗಾಡಿ ತೊಳದು ಬ್ಯಾರೆ ಕಡೆ ಮಾರೂದು ಪ್ರತಿ ಪ್ರವಾಹದ ಹಿಂದನೂ ನಡೀತೈತಿ. ಇದು ಯಾವ ನೀರು ಕುಡದದ್ದೋ, ಬಿಟ್ಟು ಬಂದಿವಿ. ಇನ್ನೊಂದು ಉತ್ತರದ ಹಿಮದ ರಾಜ್ಯದಿಂದ ಬಂದದ್ದು. ಅಲ್ಲೆ ರಸ್ತೆಕ್ಕ ಉಪ್ಪು ಹಾಕತಾರ, ಹಿಮ ಕರಗಲಿ ಅಂತ. ಆ ಉಪ್ಪು ಕೆಳಗಿನ ಕಬ್ಬಿಣ ತಿಂತೈತಿ. ಮ್ಯಾಲೆ ಮದುಮಗಳು, ಕೆಳಗ ಪದರ ಪದರ ಜಂಗು. ಮತ್ತೊಂದು ಟೆಕ್ಸಾಸಿಂದ, ಆದ್ರ ಕೆಳಗೆಲ್ಲಾ ಹೊಸಾ ಕರೇ ಬಣ್ಣ. ನಾ ಏನೂ ಅನ್ನಲಿಲ್ಲ. ಅಳಿಯಾರು ನನ್ನ ಮಾರಿ ನೋಡಿ, ಮಾರೂವಗ ಥ್ಯಾಂಕ್ಸ್ ಹೇಳಿ ಗಾಡಿ ಹತ್ತಿದ್ರು.

ಕಡೀಕ ಒಬ್ಬ ಕರೆಂಟ್ ಕೆಲಸದ ಮುದುಕನ ಕಡೆ ಸಿಕ್ತು. ಎಂಟು ವರ್ಷದ್ದು, ಬಿಳೇದು, ಮೈಮ್ಯಾಲೆ ಗೀರು, ಎಂಟು ಫೂಟಿನ ಬಾಡಿ, ಮುಂದ ಒಂದ ಉದ್ದ ಸೀಟು. ಎಣ್ಣಿ ಬದಲಿಸಿದ ಪ್ರತಿ ಚೀಟಿ ಒಂದು ಬಿಸ್ಕೀಟ್ ಡಬ್ಬ್ಯಾಗ ಇಟ್ಟಿದ್ದ. ಕೆಳಗ ಧೂಳಿನ ಬಣ್ಣ ಬಿಟ್ರ ಬ್ಯಾರೆ ಬಣ್ಣ ಇಲ್ಲ. ಡ್ರೈವರ್ ಬಾಗಿಲಿನ ಸಂದ್ಯಾಗ ಒಂದು ಚೀಟಿ ಇರತೈತಿ, ಮಂದಿ ಸಾಮಾನು ಕೂಡಿ ಎಷ್ಟು ಪೌಂಡ್ ಹೊರಬಹುದು ಅಂತ. ಅದನ್ನ ಮಗಳು ಫೋಟೊ ತಗದು, ಮಂಟಪದ ತೂಕ ಲೆಕ್ಕ ಹಾಕಿದ್ಲು. ಅರ್ಧ ಟನ್ ಗಾಡಿ ಅನ್ನೂದು ಹಳೇ ಕಾಲದ ಹೆಸರಷ್ಟ, ಈಗಿನವು ಅದಕ್ಕಿಂತ ಹೆಚ್ಚು ಹೊರತಾವ. ಆದ್ರ ಎಷ್ಟು ಅನ್ನೂದು ಗಾಡಿಯಿಂದ ಗಾಡಿಗೆ ಬ್ಯಾರೆ, ಆ ಚೀಟೀನ ನೋಡಬೇಕು. 150 ಡಾಲರ್ ಕೊಟ್ಟು ಬ್ಯಾರೆ ಗ್ಯಾರೇಜಿನ ಮಿಸ್ತ್ರಿ ಕಡೆ ತೋರಿಸಿದ್ರು. ಬ್ರೇಕು, ಎರಡು ಟಾಯರು ಹೇಳಿದ. ಮುದುಕ ಅಷ್ಟು ಕಡಿಮಿ ಮಾಡಿಕೊಂಡ.

ಕಾಗದಪತ್ರ ಮಾಡೂಮುಂದ ಹೆಸರು ಯಾರದು ಅಂತ ಕೇಳಿದ್ರು. ಅಳಿಯಾರು ಮಗಳ ಹೆಸರು ಹೇಳಿದ್ರು, ನಾ ಹೇಳಿಕೊಟ್ಟದ್ದಲ್ಲ. ಮನಿ ಮುಂಗಡದ ರೊಕ್ಕ ಮುಟ್ಟಲಿಲ್ಲ, ಬಾಡಿಗಿ ಕೂಡಿಸಿದ್ದು ಮತ್ತ ಎರಡು ವರ್ಷದ ಸಣ್ಣ ಸಾಲದಾಗ ಮುಗೀತು. ಅಳಿಯಾರಿಗೆ ಇನ್ನೂ ನಾಕು ಬಾಗಿಲಿನ ಆಸೆ ಐತಿ, ಅಂಗಡಿ ಮುಂದ ಹಾದಾಗೊಮ್ಮೆ ತಿರುಗಿ ನೋಡತಾರ.

ನಾ ಬರೂ ಹಿಂದಿನ ಶನಿವಾರ ಒಂದು ಕುಬಸದ ಕಾರ್ಯ ಇತ್ತು. ಕಂಬ ಆರೂ ಮಲಗಿಸಿ, ಮ್ಯಾಲೆ ಹಾಸಿಗಿ ಪಟ್ಟಿ ಬಿಗದು, ಹಿಂದಿನ ಬಾಗಿಲಾ ಟಪ್ ಅಂತ ಮುಚ್ಚಿದ್ಲು. ಸ್ಟೇರಿಂಗ್ ಹಿಡದವಳು ಅಕಿ, ಆ ಕಡೆ ಕಿಟಕಿಗೆ ಅಳಿಯಾರು, ನಡುವ ನಾನು, ತೊಡಿ ಮ್ಯಾಲೆ ಕುಬಸದ ಬುತ್ತಿ ಡಬ್ಬಿ. ಗೇರಿನ ಕೋಲು ಎಲ್ಲೈತಿ ಅಂತ ಕಾಲು ಸರಸಾಕ ಹೋದೆ. ಅದು ಸ್ಟೇರಿಂಗ್ ಬಾಜೂಕ ಇತ್ತು. ಅಪ್ಪನ ಟೆಂಪೊದಾಗ ನಡುವ ಕುಂತ್ರ ಮೊಳಕಾಲಿಗೆ ಬಡೀತಿತ್ತು.